ಗೋ-ಕಾರ್ಟ್ ಓಡುತ್ತಿಲ್ಲವೇ? ಹೊಸ ಕಂಟ್ರೋಲರ್ ತರುವ ಮೊದಲು ಇಷ್ಟು ನೋಡಿ

ಮನೆಯಲ್ಲೇ ಪೈಪು ಬೆಸೆದು ಕಟ್ಟಿದ ಎಲೆಕ್ಟ್ರಿಕ್ ಗೋ-ಕಾರ್ಟ್ ನಿಂತುಹೋದರೆ ಎಲ್ಲರ ಅನುಮಾನವೂ ಮೊದಲು ಕಂಟ್ರೋಲರ್ ಮೇಲೆ, ಅಂದರೆ ಪೆಡಲ್ ಒತ್ತಿದಷ್ಟು ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುವ ಡಬ್ಬಿಯ ಮೇಲೆ. ಇಡೀ ಗಾಡಿಯಲ್ಲಿ ಒಳಗೇನಿದೆ ಎಂದು ಕಣ್ಣಿಗೆ ಕಾಣದ ಭಾಗ ಅದೊಂದೇ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ. ಬೆಂಗಳೂರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುವುದು, ಅಂಥದ್ದೇ ಇನ್ನೊಂದು ಅಲ್ಯೂಮಿನಿಯಂ ಡಬ್ಬಿ ತಂದು ಜೋಡಿಸುವುದು. ಎರಡು ಸುತ್ತು ಓಡಿದ ಮೇಲೆ ಅದರಿಂದಲೂ ಸುಟ್ಟ ವಾಸನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಕೆಟ್ಟಿದ್ದು ಥ್ರಾಟಲ್ (ಪೆಡಲಿನ ಸೆನ್ಸರ್) ವೈರೋ, ಬ್ಯಾಟರಿಯ ಲಗ್ಗೋ (ವೈರಿನ ತುದಿಗೆ ಒತ್ತಿದ ಲೋಹದ ಉಂಗುರ), ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರ) ಲೆಕ್ಕವೋ. ಬದಲಾದದ್ದು ಮಾತ್ರ ಕಂಟ್ರೋಲರ್.

ಕೇಳಬೇಕಾದ ಪ್ರಶ್ನೆ ಎರಡು. ಕಂಟ್ರೋಲರ್ ನಿಜವಾಗಿ ಸತ್ತಿದೆಯೇ? ಸತ್ತಿದ್ದರೆ ಅದನ್ನು ಕೊಂದಿದ್ದು ಯಾವುದು? ಎರಡನೆಯದಕ್ಕೆ ಉತ್ತರ ಸಿಗದೆ ಹೊಸದನ್ನು ಆರಿಸಲು ಹೋಗಬೇಡಿ.

ಇಲ್ಲಿ ಹೇಳುವುದೆಲ್ಲ ನಮ್ಮಲ್ಲಿ ಹೆಚ್ಚಾಗಿ ಕಾಣುವ ಜೋಡಣೆಗೆ: 12 ವೋಲ್ಟಿನ ನಾಲ್ಕು ಲೆಡ್-ಆಸಿಡ್ ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ 48 ವೋಲ್ಟ್, ಇ-ರಿಕ್ಷಾದಲ್ಲಿ ಬರುವಂಥ 1000 ವ್ಯಾಟಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ) ಮೋಟರ್, ಸುಮಾರು 3000 ಆರ್‌ಪಿಎಂ, ಚೈನ್ ಮೂಲಕ ಹಿಂದಿನ ಆ್ಯಕ್ಸಲ್, 11 ಇಂಚು ವ್ಯಾಸದ ಹಿಂದಿನ ಟೈರು. ಲಿಥಿಯಂ ಪ್ಯಾಕ್ ಅಥವಾ ಬ್ರಶ್ ಮೋಟರ್ ಇದ್ದವರಿಗೆ ಎಲ್ಲಿ ಬೇರೆಯಾಗುತ್ತದೆಂದು ಅಲ್ಲಲ್ಲೇ ಹೇಳುತ್ತೇನೆ.

ಮುಟ್ಟುವ ಮುನ್ನ

ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಇಟ್ಟಿಗೆಯ ಮೇಲೋ ಮರದ ದಿಮ್ಮಿಯ ಮೇಲೋ ಕೂರಿಸಿ. ಕೈಯಲ್ಲಿನ ಉಂಗುರ, ಲೋಹದ ವಾಚು ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯುವುದು ಕಡಿಮೆ ನಿಜ, ಆದರೆ ಬ್ಯಾಟರಿಯ ಎರಡು ತುದಿಯ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕೆಂಪಗೆ ಕಾದು ಬೆರಳನ್ನೇ ಸುಡುತ್ತದೆ. ಚೈನ್ ಹತ್ತಿರ ಪಂಚೆ, ದುಪಟ್ಟಾ, ಉದ್ದ ತೋಳು ಬೇಡ.

ಬ್ಯಾಟರಿ ಬಿಚ್ಚಿದ ಮೇಲೂ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ಕೆಲವರಿಗಿದೆ, ಅದನ್ನು ಬಿಡಿ. 100 ಓಮ್, 5 ವ್ಯಾಟಿನ ಒಂದು ರೆಸಿಸ್ಟರನ್ನು ದಪ್ಪ ಕೆಂಪು ಮತ್ತು ದಪ್ಪ ಕಪ್ಪು ವೈರಿನ ನಡುವೆ ಐದಾರು ಸೆಕೆಂಡ್ ಹಿಡಿದರೆ ಸಾಕು, ಮೀಟರ್ ಸೊನ್ನೆಯ ಹತ್ತಿರ ಬರುತ್ತದೆ. ಈ ರೆಸಿಸ್ಟರನ್ನು ಎತ್ತಿಟ್ಟುಕೊಳ್ಳಿ, ಮುಂದೆ ಇನ್ನೊಂದು ಕೆಲಸಕ್ಕೆ ಬೇಕಾಗುತ್ತದೆ.

ಸಾಧನ ಹೆಚ್ಚೇನೂ ಬೇಡ. ಡಯೋಡ್ ಮೋಡ್ ಇರುವ ಒಂದು ಮಲ್ಟಿಮೀಟರ್, ಸಾಧ್ಯವಾದರೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್. ಮನೆ ವೈರಿಂಗ್‌ನವರ ಹತ್ತಿರ ಇರುವ ಕಡಿಮೆ ಬೆಲೆಯ ಕ್ಲಾಂಪ್ ಬಹುಪಾಲು ಎಸಿ ಮಾತ್ರ ಅಳೆಯುತ್ತದೆ. ಎರವಲು ತರುವ ಮುನ್ನ ಕೇಳಿ.

ಕೀ ತಿರುಗಿಸಿದರೂ ಏನೂ ಆಗುತ್ತಿಲ್ಲ

ಮೊದಲು ಬ್ಯಾಟರಿಯ ತುದಿಯಲ್ಲಿ ಅಳೆಯಿರಿ, ಆಮೇಲೆ ಕಂಟ್ರೋಲರ್‌ಗೆ ಸೇರುವ ದಪ್ಪ ವೈರಿನ ತುದಿಯಲ್ಲಿ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಲೆಡ್-ಆಸಿಡ್ ಬ್ಯಾಟರಿ ಒಂದಕ್ಕೆ 12.7 ವೋಲ್ಟ್ ಆಸುಪಾಸು, ನಾಲ್ಕಕ್ಕೆ ಸುಮಾರು 51. ಬ್ಯಾಟರಿಯಲ್ಲಿ ಇದೆ, ಕಂಟ್ರೋಲರ್ ಹತ್ತಿರ ಇಲ್ಲ ಎಂದರೆ ನಡುವಿನ ಫ್ಯೂಸು, ಸ್ವಿಚ್ಚು, ಕನೆಕ್ಟರ್ ನೋಡಿ. ಮನೆಯ ಬೋರ್ಡಿನ ಎಸಿ ಎಂಸಿಬಿಯನ್ನೇ ಮೇನ್ ಸ್ವಿಚ್ ಮಾಡಿಕೊಂಡಿರುವ ಗಾಡಿಗಳು ಬಹಳ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುವುದರಿಂದ ಅದರೊಳಗಿನ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. ಕಿಡಿ ಎಳೆದುಕೊಂಡೇ ನಿಂತು ಕಾಂಟ್ಯಾಕ್ಟ್ ಕರಗಿಸುತ್ತದೆ. ಹೊರಗಿಂದ ಆನ್, ಒಳಗೆ ಬೂದಿ. ಡಿಸಿ ರೇಟಿಂಗ್ ಬರೆದಿರುವುದನ್ನೇ ಹಾಕಿ.

ದಪ್ಪ ವೈರಿಗೆ ಕರೆಂಟು ಬಂದಿದ್ದರೆ ಸಣ್ಣ ಕೆಂಪು ವೈರು ನೋಡಿ. ಬಹುಪಾಲು ಚೀನಾ ಕಂಟ್ರೋಲರ್‌ಗಳಲ್ಲಿ ಕೀಯಿಂದ ಬರುವ ಈ ಸಪೂರ ವೈರೇ ಒಳಗಿನ ಸರ್ಕಿಟ್ಟನ್ನು ಎಬ್ಬಿಸುವುದು. ಇಲ್ಲಿಗೂ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬರಬೇಕು. ಬರುತ್ತಿದ್ದರೆ ಮುಂದೆ ಥ್ರಾಟಲ್ ಕನೆಕ್ಟರ್: ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟಿನ ಹತ್ತಿರ ಏನಾದರೂ ಕಾಣಬೇಕು. ಕಾಣದಿದ್ದರೆ ಕಂಟ್ರೋಲರ್ ಸತ್ತಿದೆ ಎಂದು ಆಗಲೇ ತೀರ್ಪು ಕೊಡಬೇಡಿ. ಥ್ರಾಟಲ್ ಬಿಚ್ಚಿ, ಮೋಟರಿನಿಂದ ಬರುವ ಹಾಲ್ ಸೆನ್ಸರ್ (ಮ್ಯಾಗ್ನೆಟ್ಟನ್ನು ಗುರುತಿಸುವ ಸೆನ್ಸರ್) ಪ್ಲಗ್ಗನ್ನೂ ಬಿಚ್ಚಿ, ಮತ್ತೆ ಅಳೆಯಿರಿ. ಈ 5 ವೋಲ್ಟನ್ನು ಥ್ರಾಟಲ್ಲೂ ಹಾಲ್ ಸೆನ್ಸರ್‌ಗಳೂ ಹಂಚಿಕೊಳ್ಳುತ್ತವೆ. ಮೋಟರ್ ಕಡೆ ಚೈನಿಗೆ ಉಜ್ಜಿ ಸಿಪ್ಪೆ ಸುಲಿದ ಒಂದು ವೈರು ಸಾಕು, ಎರಡನ್ನೂ ನೆಲ ಕಚ್ಚಿಸಲು. ಬಿಚ್ಚಿದ ಮೇಲೆ 5 ವೋಲ್ಟ್ ವಾಪಸ್ ಬಂದರೆ ಕಂಟ್ರೋಲರ್ ಬದುಕಿದೆ.

5 ವೋಲ್ಟ್ ಸರಿಯಿದ್ದರೆ ಸಿಗ್ನಲ್ ವೈರು, ಸಾಮಾನ್ಯವಾಗಿ ಹಸಿರು ಅಥವಾ ಬಿಳಿ. ಹಾಲ್ ಮಾದರಿಯ ಥ್ರಾಟಲ್ ಪೆಡಲ್ ಒತ್ತದಿದ್ದಾಗ 0.8ರಿಂದ 0.9 ವೋಲ್ಟ್, ಪೂರ್ತಿ ಒತ್ತಿದಾಗ 3.5ರಿಂದ 4.2ರವರೆಗೆ ಕೊಡುತ್ತದೆ. ಪೆಡಲ್ ಬಿಟ್ಟಾಗಲೂ ಒಂದೂವರೆ ವೋಲ್ಟ್ ಇದ್ದರೆ, "ಯಾರೋ ಪೆಡಲ್ ತುಳಿದುಕೊಂಡೇ ಕೀ ತಿರುಗಿಸುತ್ತಿದ್ದಾರೆ" ಎಂದು ಕಂಟ್ರೋಲರ್ ಸುಮ್ಮನೆ ಕೂರುತ್ತದೆ. ಅದು ದೋಷವಲ್ಲ, ಸುರಕ್ಷತೆ. ಪೆಡಲ್ ಸ್ಪ್ರಿಂಗ್ ಸಡಿಲವಾಗಿ ಪೂರ್ತಿ ಹಿಂದೆ ಬಾರದಿದ್ದರೆ ಹೀಗಾಗುತ್ತದೆ. ಮತ್ತೊಂದು: ಗಾಲ್ಫ್ ಕಾರ್ಟ್, ಫೋರ್ಕ್‌ಲಿಫ್ಟ್‌ನ ಹಳೆಯ ಕರ್ಟಿಸ್ ಕಂಟ್ರೋಲರ್ ಸೆಕೆಂಡ್‌ಹ್ಯಾಂಡ್ ಸಿಕ್ಕಿದ್ದರೆ ಅದು ಕೇಳುವುದು 0–5 ಕಿಲೋಓಮ್‌ನ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ಓಮ್ ಬದಲಾಗುವ ರೆಸಿಸ್ಟರ್), ಸ್ಕೂಟರಿನ ಹಾಲ್ ಥ್ರಾಟಲ್ ಅದಕ್ಕೆ ಅರ್ಥವಾಗುವುದಿಲ್ಲ.

ಕೊನೆಗೆ ಬ್ರೇಕ್ ಸ್ವಿಚ್. ಬ್ರೇಕ್ ವೈರು ಒಳಗೊಳಗೇ ಕಚ್ಚಿಕೊಂಡಿದ್ದರೆ ಕಂಟ್ರೋಲರ್ ಜಪ್ಪಯ್ಯ ಅಂದರೂ ಮೋಟರಿಗೆ ಕರೆಂಟು ಬಿಡುವುದಿಲ್ಲ. ಆ ಕನೆಕ್ಟರ್ ಬಿಚ್ಚಿ ನೋಡಿ. ಎಷ್ಟೋ ಗಾಡಿ ಅಲ್ಲೇ ಓಡಿಬಿಡುತ್ತದೆ.

ಕಂಟ್ರೋಲರ್ ಸತ್ತಿದೆಯೇ: ಮೊದಲು ಕೈ, ಆಮೇಲೆ ಮೀಟರ್

ಮೀಟರಿಗಿಂತ ಮೊದಲು ಕೈ. ಬ್ಯಾಟರಿ ಬಿಚ್ಚಿ, ಚೈನ್ ಕಳಚಿ, ಮೋಟರಿನ ಸ್ಪ್ರಾಕೆಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ. ಆರೋಗ್ಯವಾಗಿದ್ದರೆ ಮ್ಯಾಗ್ನೆಟ್ಟಿನ ಸಣ್ಣ ಟಕಟಕ ಬಿಟ್ಟರೆ ಸಲೀಸಾಗಿ ತಿರುಗುತ್ತದೆ. ಬದಲಿಗೆ ಕೆಸರಿನಲ್ಲಿ ತಿರುಗಿಸಿದಂತೆ ಬಿಗಿಯಾಗಿ, ಬೇಗ ತಿರುಗಿಸಿದಷ್ಟೂ ಹೆಚ್ಚು ಎದುರು ನಿಂತರೆ, ಮೋಟರಿಗೆ ಕರೆಂಟು ಒಯ್ಯುವ, ದಪ್ಪಗಿರುವ ಹಳದಿ, ಹಸಿರು, ನೀಲಿ ಫೇಸ್ ವೈರುಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ತಿರುಗಿಸಿ. ಈಗ ಹಗುರಾಯಿತೆಂದರೆ ಕಂಟ್ರೋಲರ್ ಒಳಗೆ ಮಾಸ್‌ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಶಾರ್ಟ್ ಆಗಿದೆ. ತಿರುಗುವ ಮೋಟರ್ ತಾನೇ ಜನರೇಟರ್ ಆಗಿ, ಆ ಶಾರ್ಟಿನ ಮೂಲಕ ಕರೆಂಟು ಹರಿಸಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಬಿಡಿಸಿದ ಮೇಲೂ ಬಿಗಿಯಿದ್ದರೆ ತೊಂದರೆ ಮೋಟರಿನ ವೈಂಡಿಂಗ್‌ನಲ್ಲೋ, ಬೇರಿಂಗ್‌ನಲ್ಲೋ, ಫೇಸ್ ವೈರು ಸುಲಿದು ಒಂದಕ್ಕೊಂದು ತಾಗಿದಲ್ಲೋ.

ಈಗ ಮೀಟರ್. ಫೇಸ್ ವೈರುಗಳು ಮೋಟರಿನಿಂದ ಬಿಟ್ಟಿರಲೇಬೇಕು, ಇಲ್ಲವಾದರೆ ವೈಂಡಿಂಗ್ ಮೂಲಕ ಮೂರೂ ಒಂದೇ ಆಗಿ ಕಾಣುತ್ತವೆ. ಕೆಪಾಸಿಟರ್ ಖಾಲಿ ಮಾಡಿ, ಡಯೋಡ್ ಮೋಡಿಗೆ ಹಾಕಿ. ಕೆಂಪು ಪ್ರೋಬನ್ನು ದಪ್ಪ ಕಪ್ಪು (ಬ್ಯಾಟರಿ ನೆಗೆಟಿವ್) ವೈರಿಗೆ, ಕಪ್ಪು ಪ್ರೋಬನ್ನು ಒಂದೊಂದೇ ಫೇಸಿಗೆ ಇಡಿ. ಮೂರರಲ್ಲೂ 0.4–0.5ರ ಹತ್ತಿರ ಒಂದೇ ಥರದ ಅಂಕಿ ಬರಬೇಕು. ಅದು ಕೆಳಗಿನ ಸಾಲಿನ ಮಾಸ್‌ಫೆಟ್‌ಗಳ ಒಳಗಿರುವ ಡಯೋಡ್. ಆಮೇಲೆ ಕಪ್ಪು ಪ್ರೋಬ್ ದಪ್ಪ ಕೆಂಪಿಗೆ, ಕೆಂಪು ಪ್ರೋಬ್ ಒಂದೊಂದೇ ಫೇಸಿಗೆ. ಇದು ಮೇಲಿನ ಸಾಲು, ಅಂಕಿ ಅಷ್ಟೇ. ಎಲ್ಲಾದರೂ 0.00 ಬಂದು ಮೀಟರ್ ಬೀಪ್ ಎಂದರೆ ಆ ಫೇಸಿನ ಆ ಸಾಲು ಹೋಗಿದೆ. ಒಂದು ಫೇಸ್ ಮಾತ್ರ ಬೇರೆ ಅಂಕಿ ತೋರಿಸಿದರೂ ಅನುಮಾನಿಸಿ.

ಈ ಪರೀಕ್ಷೆ ಪಾಸಾದ ಕಂಟ್ರೋಲರ್ ಪೂರ್ತಿ ಒಳ್ಳೆಯದೆಂದಲ್ಲ. ಮಾಸ್‌ಫೆಟ್‌ಗಳಿಗೆ ಆಜ್ಞೆ ಕೊಡುವ ಡ್ರೈವರ್ ಭಾಗ ಸತ್ತಿರಬಹುದು; ಅದು ಮೀಟರಿಗೆ ಸಿಗುವುದಿಲ್ಲ, ಅದರ ಲಕ್ಷಣ ಮುಂದೆ ಬರುತ್ತದೆ.

ನಡುಗುತ್ತದೆ, ಗುರ್ ಎನ್ನುತ್ತದೆ, ತಿರುಗುವುದಿಲ್ಲ

ಹಾಲ್ ಸೆನ್ಸರ್ ಅಥವಾ ಫೇಸ್ ಜೋಡಣೆಯ ದೋಷ ಹೀಗೆ ಕಾಣುತ್ತದೆ. ಮೋಟರಿನಿಂದ ಬರುವ ಐದು ಸಪೂರ ವೈರುಗಳಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಸಿಗ್ನಲ್. ರೋಟರ್ (ಮೋಟರಿನ ತಿರುಗುವ ಭಾಗ) ಈಗ ಎಲ್ಲಿದೆ ಎಂದು ಕಂಟ್ರೋಲರ್‌ಗೆ ಹೇಳುವುದು ಆ ಮೂರು. ಅದು ತಿಳಿಯದೆ ಯಾವ ಫೇಸಿಗೆ ಕರೆಂಟು ಬಿಡಬೇಕೆಂದು ಅದಕ್ಕೆ ಗೊತ್ತಾಗುವುದಿಲ್ಲ.

ಪ್ಲಗ್ ಹಾಕಿಯೇ ಇರಲಿ, ಕೀ ಆನ್ ಇರಲಿ, ಪೆಡಲ್ ಮುಟ್ಟಬೇಡಿ. ಫೇಸ್ ವೈರು ಬಿಚ್ಚಿಟ್ಟರೆ ಇನ್ನೂ ಕ್ಷೇಮ. ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಪ್ರೋಬನ್ನು ಕನೆಕ್ಟರಿನ ಹಿಂದಿನಿಂದ ಒಂದು ಸಿಗ್ನಲ್ಲಿಗೆ ಚುಚ್ಚಿ, ಸ್ಪ್ರಾಕೆಟ್ಟನ್ನು ಬಹಳ ನಿಧಾನ ತಿರುಗಿಸಿ. ಚಕ್ರ ಹಿಡಿದು ತಿರುಗಿಸಿದರೆ ಗೇರ್ ಅನುಪಾತದಷ್ಟು ಪಟ್ಟು ಬೇಗ ತಿರುಗಿ ಮೀಟರಿಗೆ ಹಿಡಿಯುವುದೇ ಇಲ್ಲ, ಮೋಟರ್ ಕಡೆಯಿಂದಲೇ ಮಾಡಿ. ಸಿಗ್ನಲ್ ಸೊನ್ನೆಗೂ 5ಕ್ಕೂ ಹೊಯ್ದಾಡಬೇಕು. ಒಂದು ವೈರು ಮೇಲೇ ನಿಂತುಬಿಟ್ಟರೆ ಅಥವಾ ಕೆಳಗೇ ಮಲಗಿಬಿಟ್ಟರೆ ಆ ಸೆನ್ಸರ್ ಅಥವಾ ಅದರ ವೈರು ಹೋಗಿದೆ. ಈ ಸೆನ್ಸರ್‌ಗಳ ಔಟ್‌ಪುಟ್ ತಾನಾಗಿ 5 ವೋಲ್ಟ್ ಕೊಡುವುದಿಲ್ಲ, ಕಂಟ್ರೋಲರ್ ಒಳಗಿನ ರೆಸಿಸ್ಟರ್ ಅದನ್ನು ಮೇಲಕ್ಕೆಳೆಯುತ್ತದೆ. ಅದಕ್ಕೇ ಮೋಟರನ್ನು ಮಾತ್ರ ಮೇಜಿನ ಮೇಲಿಟ್ಟು 5 ವೋಲ್ಟ್ ಕೊಟ್ಟು ಅಳೆದವರು "ಮೂರೂ ಸತ್ತಿವೆ" ಎಂದು ಮೋಸ ಹೋಗುತ್ತಾರೆ. 5 ವೋಲ್ಟಿನಿಂದ ಪ್ರತಿ ಸಿಗ್ನಲ್ಲಿಗೆ ಒಂದು 4.7 ಕಿಲೋಓಮ್ ಹಾಕಿದರೆ ಅಲ್ಲೂ ಅಳೆಯಬಹುದು.

120 ಡಿಗ್ರಿ ಅಂತರದ ಸೆನ್ಸರ್‌ಗಳಲ್ಲಿ ಮೂರೂ ಒಟ್ಟಿಗೆ ಮೇಲೆ ಅಥವಾ ಮೂರೂ ಒಟ್ಟಿಗೆ ಕೆಳಗೆ ಎಂಬ ಸ್ಥಿತಿ ಬರುವುದೇ ಇಲ್ಲ. ಬಂದರೆ, ಒಂದೋ ಸೆನ್ಸರ್ ಕೆಟ್ಟಿದೆ, ಇಲ್ಲವೇ ನಿಮ್ಮದು 60 ಡಿಗ್ರಿ ಮೋಟರ್. ಕಂಟ್ರೋಲರ್ ಕೊಳ್ಳುವಾಗ ಇದನ್ನು ಕೇಳಲೇಬೇಕು.

ಸೆನ್ಸರ್ ಮೂರೂ ಸರಿ, ಆದರೂ ನಡುಕ ಎಂದರೆ ಬಣ್ಣ ನಂಬಿ ಜೋಡಿಸಿದ್ದೀರಿ. ಹಳದಿಗೆ ಹಳದಿ, ಹಸಿರಿಗೆ ಹಸಿರು ಎಂಬುದು ಒಬ್ಬನೇ ತಯಾರಕನ ಮೋಟರ್, ಕಂಟ್ರೋಲರ್ ಇದ್ದರೆ ಮಾತ್ರ ಗ್ಯಾರಂಟಿ. ಮೂರು ಫೇಸ್, ಮೂರು ಹಾಲ್ ಸೇರಿ 36 ಜೋಡಣೆ ಸಾಧ್ಯ; ಆರು ಮಾತ್ರ ಸರಿ, ಅದರಲ್ಲಿ ಮೂರು ಮುಂದಕ್ಕೆ, ಮೂರು ಹಿಂದಕ್ಕೆ. ಎಲ್ಲ 36 ನೋಡುವ ಅಗತ್ಯವಿಲ್ಲ. ಹಾಲ್ ವೈರುಗಳನ್ನು ಹಾಗೇ ಬಿಟ್ಟು ಫೇಸುಗಳ ಆರು ಜೋಡಣೆ ನೋಡಿ, ಒಂದು ಸರಿ ಕೂರುತ್ತದೆ. ಅದು ಹಿಂದಕ್ಕೆ ಓಡಿಸಿದರೆ ಹಾಲಿನ ಎರಡು ಸಿಗ್ನಲ್ ಅದಲು ಬದಲು ಮಾಡಿ ಮತ್ತೆ ಆರು. ಪ್ರತಿ ಸಲ ಪೆಡಲ್ ಅಲ್ಪವೇ ಒತ್ತಿ, ಕ್ಲಾಂಪ್ ಮೀಟರ್ ಬ್ಯಾಟರಿ ವೈರಿನ ಮೇಲಿರಲಿ. ಇಲ್ಲೊಂದು ಬಲೆ ಇದೆ: ಕೆಲವು ತಪ್ಪು ಜೋಡಣೆಯಲ್ಲೂ ಮೋಟರ್ ತಿರುಗುತ್ತದೆ! ಸದ್ದು ಒರಟು, ಲೋಡ್ ಇಲ್ಲದೆಯೇ ಕರೆಂಟು ಸರಿ ಜೋಡಣೆಗಿಂತ ಹಲವು ಪಟ್ಟು. "ತಿರುಗಿತಲ್ಲ" ಎಂದು ಹಾಗೇ ಓಡಿಸಿದವರ ಕಂಟ್ರೋಲರ್ ಮೊದಲ ಏರಿನಲ್ಲೇ ಹೋಗುತ್ತದೆ. ಕಂಟ್ರೋಲರಿನಲ್ಲಿ ಸೆಲ್ಫ್-ಲರ್ನಿಂಗ್‌ನ ಎರಡು ಬಿಳಿ ವೈರು ಇದ್ದರೆ ಈ ಪಾಡೇ ಬೇಡ. ಚಕ್ರ ಎತ್ತಿಟ್ಟು ಅವನ್ನು ಸೇರಿಸಿದರೆ ತಾನೇ ಜೋಡಣೆ ಹುಡುಕಿಕೊಳ್ಳುತ್ತದೆ. ಹಿಂದಕ್ಕೆ ತಿರುಗಿದರೆ ಬಿಡಿಸಿ ಮತ್ತೆ ಸೇರಿಸಿ.

ಯಾವ ಜೋಡಣೆಯೂ ಕೂರುತ್ತಿಲ್ಲ, ಹಾಲ್ ಸರಿ, ಡಯೋಡ್ ಪರೀಕ್ಷೆಯೂ ಪಾಸು ಎಂದಾದರೆ ಒಂದು ಫೇಸಿನ ಡ್ರೈವರ್ ಹೋಗಿದೆ. ಇದು ಮಾತ್ರ ಕಂಟ್ರೋಲರಿನ ದೋಷ.

ಸ್ಟ್ಯಾಂಡ್ ಮೇಲೆ ಕುದುರೆ, ನೆಲದ ಮೇಲೆ ಕತ್ತೆ

ಚಕ್ರ ಎತ್ತಿದಾಗ ಭರ್ ಎಂದು ತಿರುಗುತ್ತದೆ. ಮನುಷ್ಯ ಕೂತು ಪೆಡಲ್ ತುಳಿದರೆ ಒಂದು ಜಗ್ಗು, ಬಂದ್. ಬಿಟ್ಟು ತುಳಿದರೆ ಮತ್ತೊಂದು ಜಗ್ಗು. ಅತಿ ಹೆಚ್ಚು ಕಂಟ್ರೋಲರ್‌ಗಳು ಅನ್ಯಾಯವಾಗಿ ಕಸಕ್ಕೆ ಹೋಗುವುದು ಈ ಲಕ್ಷಣಕ್ಕೆ.

48 ವೋಲ್ಟಿನ ಕಂಟ್ರೋಲರ್ ಬ್ಯಾಟರಿಯನ್ನು ಕಾಯಲು ಸಾಮಾನ್ಯವಾಗಿ 42 ವೋಲ್ಟಿಗೆ ಕಟ್ ಮಾಡುತ್ತದೆ. ಲೇಬಲ್ ಮೇಲೆ ಬರೆದಿರುತ್ತದೆ. ಹಾಗಾಗಿ ಮೀಟರಿನ ಪ್ರೋಬುಗಳನ್ನು ಕಂಟ್ರೋಲರ್ ಹತ್ತಿರದ ದಪ್ಪ ವೈರುಗಳಿಗೆ ಕಚ್ಚಿಸಿ, ಒಬ್ಬರು ಕೂತು, ಮುಂದೆ ಖಾಲಿ ಜಾಗ ಇಟ್ಟುಕೊಂಡು ಓಡಿಸಿ. ವಿಶ್ರಾಂತಿಯಲ್ಲಿ 50 ಇದ್ದದ್ದು ಜಗ್ಗಿದಾಗ 46ರ ಹತ್ತಿರ ನಿಂತರೆ ಬ್ಯಾಟರಿ ಸರಿ. 42 ಮುಟ್ಟಿ ವಾಪಸ್ ಏರಿದರೆ ಕಂಟ್ರೋಲರ್ ತನ್ನ ಕೆಲಸ ತಾನು ಮಾಡಿದೆ.

ಆಮೇಲೆ ನಾಲ್ಕೂ ಬ್ಯಾಟರಿಯನ್ನು ಒಂದೊಂದಾಗಿ, ಲೋಡ್ ಇರುವಾಗಲೇ ಅಳೆಯಿರಿ. ವಿಶ್ರಾಂತಿಯಲ್ಲಿ ನಾಲ್ಕೂ 12.6 ತೋರಿಸುತ್ತವೆ, ಒಳ್ಳೆಯ ಮಕ್ಕಳು. ಪೆಡಲ್ ತುಳಿದಾಗ ಮೂರು 11.6ರಲ್ಲಿ ನಿಂತು ನಾಲ್ಕನೆಯದು 7ಕ್ಕೆ ಕುಸಿಯುತ್ತದೆ. ಮೂರರದ್ದು 34.8, ಜೊತೆಗೆ 7 ಸೇರಿ 41.8. ಕಟ್. ಹಳೆಯ ಯುಪಿಎಸ್‌ನಿಂದ ತೆಗೆದ ಬ್ಯಾಟರಿಗಳನ್ನು ಬೆರಕೆ ಮಾಡಿ ಕಟ್ಟಿದ ಪ್ಯಾಕ್‌ನಲ್ಲಿ ಇದು ಮಾಮೂಲು. ಆ ಒಂದನ್ನು ಬದಲಿಸಿದರೆ ಸದ್ಯಕ್ಕೆ ಗಾಡಿ ಓಡುತ್ತದೆ, ಆದರೆ ಹಳೆ ಮೂರರ ನಡುವೆ ಹೊಸತೊಂದನ್ನು ಸೇರಿಸಿದ ಪ್ಯಾಕ್ ಬಹಳ ದಿನ ಸಮತೋಲದಲ್ಲಿರುವುದಿಲ್ಲ.

ಬ್ಯಾಟರಿಗಳೆಲ್ಲ ಸರಿ, ಆದರೂ ಕಂಟ್ರೋಲರ್ ಹತ್ತಿರ ಮಾತ್ರ ವೋಲ್ಟೇಜ್ ಬೀಳುತ್ತಿದೆಯೇ? ನಡುವಿನ ಯಾವುದೋ ಜಾಯಿಂಟ್ ತಿನ್ನುತ್ತಿದೆ. ಮೀಟರನ್ನು ವೋಲ್ಟಿನಲ್ಲೇ ಇಟ್ಟು ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದೇ ಲಗ್ಗಿನ ಆಚೆಯ ತಾಮ್ರಕ್ಕೆ ಹಿಡಿದು ಪೆಡಲ್ ತುಳಿಸಿ. ಸೊನ್ನೆಯ ಹತ್ತಿರ ಇರಬೇಕಾದದ್ದು 0.4 ವೋಲ್ಟ್ ತೋರಿಸಿದರೆ, 40 ಆಂಪ್ ಹರಿಯುವಾಗ ಆ ಬೆರಳ ತುದಿಯಷ್ಟು ಜಾಗದಲ್ಲಿ 16 ವ್ಯಾಟ್ ಶಾಖವಾಗುತ್ತಿದೆ. ಅಂಥ ಲಗ್ಗನ್ನು ಬಿಚ್ಚಿ ನೋಡಿ: ಸುತ್ತಿಗೆಯಲ್ಲಿ ಚಚ್ಚಿ ಕೂರಿಸಿದ್ದು, ಒಳಗಿನ ಎಳೆಗಳಲ್ಲಿ ಅರ್ಧ ಹೊರಗೇ ಉಳಿದಿದ್ದು, ವೈರಿನ ಸಿಪ್ಪೆ ಕಂದಾಗಿ ಗಟ್ಟಿಯಾದದ್ದು. ಕರಾವಳಿ ಕಡೆಯಾದರೆ ತಾಮ್ರ ಹಸಿರು ಕಟ್ಟಿರುತ್ತದೆ. ಕ್ರಿಂಪಿಂಗ್ ಟೂಲ್ ಇಲ್ಲದಿದ್ದರೆ ಇನ್ವರ್ಟರ್ ಬ್ಯಾಟರಿ ಅಂಗಡಿಯವರ ಹತ್ತಿರ ಒತ್ತಿಸಿಕೊಂಡು ಬನ್ನಿ, ಐದು ನಿಮಿಷದ ಕೆಲಸ.

ಲಿಥಿಯಂ ಪ್ಯಾಕಿನವರಿಗೆ ಇನ್ನೊಬ್ಬ ಕಳ್ಳನಿದ್ದಾನೆ, ಬಿಎಂಎಸ್, ಅಂದರೆ ಪ್ಯಾಕ್ ಒಳಗೇ ಕೂತು ಸೆಲ್ಲುಗಳನ್ನು ಕಾಯುವ ಸರ್ಕಿಟ್. ಕಂಟ್ರೋಲರ್ ಕಟ್ ಮಾಡಿದರೆ ಅದರ ತುದಿಯಲ್ಲಿ ವೋಲ್ಟೇಜ್ ವಾಪಸ್ ಬರುತ್ತದೆ. ಬಿಎಂಎಸ್ ಕಟ್ ಮಾಡಿದರೆ ಪ್ಯಾಕಿನ ತುದಿಯೇ ಸತ್ತುಹೋಗುತ್ತದೆ, ಲೋಡ್ ಬಿಡಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಎದ್ದೇಳುತ್ತದೆ. 30 ಆಂಪಿನ ಬಿಎಂಎಸ್ ಮೇಲೆ 40 ಆಂಪಿನ ಕಂಟ್ರೋಲರ್ ಹಾಕಿದರೆ ಪ್ರತಿ ಜಗ್ಗಿಗೂ ಇದೇ ಗತಿ. ಪ್ಯಾಕ್ ಮೊದಲು, ಕಂಟ್ರೋಲರ್ ಆಮೇಲೆ.

ಓಡುತ್ತದೆ, ಆದರೆ ಕಂಟ್ರೋಲರ್ ಮುಟ್ಟಲಾಗದಷ್ಟು ಬಿಸಿ

ಇಲ್ಲಿ ಮೀಟರಿಗಿಂತ ಹಲ್ಲಿನ ಲೆಕ್ಕ ಮುಖ್ಯ. ಕಾಗದ ತೆಗೆದುಕೊಳ್ಳಿ.

11 ಇಂಚಿನ ಟೈರಿನ ಸುತ್ತಳತೆ ಸುಮಾರು 88 ಸೆಂ.ಮೀ. ಮೋಟರಿಗೆ 11 ಹಲ್ಲು, ಆ್ಯಕ್ಸಲ್‌ಗೆ 55 ಹಲ್ಲು ಹಾಕಿದರೆ ಅನುಪಾತ 1:5. 3000 ಆರ್‌ಪಿಎಂಗೆ ಆ್ಯಕ್ಸಲ್ 600 ಸುತ್ತು, ವೇಗ ಗಂಟೆಗೆ ಸುಮಾರು 32 ಕಿ.ಮೀ. 33 ಹಲ್ಲು ಹಾಕಿ 1:3 ಮಾಡಿದರೆ ಕಾಗದದ ಮೇಲೆ 53 ಕಿ.ಮೀ. ಹುಡುಗರೆಲ್ಲ ಬೀಳುವುದು ಈ 53ಕ್ಕೆ.

ಈಗ ಬಲ. 1000 ವ್ಯಾಟ್, 3000 ಆರ್‌ಪಿಎಂನ ಮೋಟರಿನ ರೇಟೆಡ್ ಟಾರ್ಕ್ ಸುಮಾರು 3.2 ನ್ಯೂಟನ್-ಮೀಟರ್. ಸವಾರನೂ ಸೇರಿ 150 ಕೆ.ಜಿ. ಇರುವ ಗಾಡಿ ನೂರು ಅಡಿಗೆ ಎಂಟು ಅಡಿ ಏರುವ ಇಳಿಜಾರಿನಲ್ಲಿ ಹೋಗಲು ಗುರುತ್ವಕ್ಕೆ ಸುಮಾರು 118 ನ್ಯೂಟನ್, ಟೈರಿನ ಉರುಳು ತಡೆಗೆ ಇನ್ನೊಂದು 30 ಬೇಕು. 14 ಸೆಂ.ಮೀ. ತ್ರಿಜ್ಯಕ್ಕೆ ಚಕ್ರದಲ್ಲಿ 20.7 ನ್ಯೂಟನ್-ಮೀಟರ್. 1:5 ಇದ್ದರೆ ಮೋಟರಿನ ಪಾಲು 4.1, ಅಂದರೆ ರೇಟಿಂಗ್‌ಗಿಂತ ಸ್ವಲ್ಪ ಮೇಲೆ, ಚೂರು ಹೊತ್ತು ತಡೆಯುತ್ತದೆ. 1:3 ಇದ್ದರೆ 6.9, ರೇಟಿಂಗ್‌ನ ಎರಡು ಪಟ್ಟಿಗೂ ಜಾಸ್ತಿ. ಟಾರ್ಕ್ ಎಷ್ಟು ಪಟ್ಟೋ ಫೇಸ್ ಕರೆಂಟೂ ಅಷ್ಟೇ ಪಟ್ಟು. ಶಾಖ ಅದರ ವರ್ಗದಷ್ಟು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೇಬಲ್ ಮೇಲಿನ ಆಂಪ್ ಸಾಮಾನ್ಯವಾಗಿ ಬ್ಯಾಟರಿ ಕಡೆಯದು. ನಿಧಾನ ವೇಗದಲ್ಲಿ ಕಂಟ್ರೋಲರ್ ಮೋಟರಿಗೆ ಕಡಿಮೆ ವೋಲ್ಟ್, ಹೆಚ್ಚು ಆಂಪ್ ಕೊಡುತ್ತದೆ. ಬ್ಯಾಟರಿಯಿಂದ 20 ಆಂಪ್ ಎಳೆಯುತ್ತಿದ್ದರೂ, ಕಾಲು ಭಾಗದಷ್ಟು ಡ್ಯೂಟಿಯಲ್ಲಿ (ಮಾಸ್‌ಫೆಟ್ ಕಾಲು ಭಾಗ ಹೊತ್ತು ಮಾತ್ರ ಆನ್) ಫೇಸ್ ವೈರಿನಲ್ಲಿ 80 ಆಂಪ್ ಹತ್ತಿರ ಹರಿಯಬಹುದು. ಮಾಸ್‌ಫೆಟ್ ಸಾಯುವುದು ಗಾಡಿ ವೇಗವಾಗಿ ಓಡುವಾಗಲ್ಲ. ನಿಂತಲ್ಲಿಂದ ಹೊರಡುವಾಗ, ಹುಲ್ಲಿನಲ್ಲಿ ಸಿಕ್ಕಿಕೊಂಡು ಪೂರ್ತಿ ಪೆಡಲ್ ತುಳಿದು ಹಿಡಿದಾಗ. ಬಿಸಿಯಾಗುತ್ತಿದ್ದರೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿ ನೋಡಿ. ಕಂಟ್ರೋಲರ್ ಬದಲಿಸುವುದಕ್ಕಿಂತ ಅಗ್ಗ.

ಡಬ್ಬಿಯನ್ನು ಚಾಸಿಯ ದಪ್ಪ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು, ನಡುವೆ ಥರ್ಮಲ್ ಪೇಸ್ಟ್ ಸವರುವುದೂ ಒಳ್ಳೆಯದೇ. ಸೀಟಿನ ಕೆಳಗೆ ಫೋಮ್ ಸುತ್ತಿ ಇಡುವವರಿಗೆ ಏನು ಹೇಳುವುದು! ಶಂಟ್‌ಗೆ ಸೀಸ ಹಚ್ಚುವ ಚಾಳಿಯೂ ಇದೆ: ಕರೆಂಟು ಅಳೆಯುವ ಆ ಬಾಗಿದ ದಪ್ಪ ತಂತಿಗೆ ಸೋಲ್ಡರ್ ತುಂಬಿದರೆ ಕಂಟ್ರೋಲರ್‌ಗೆ ಕರೆಂಟು ಕಮ್ಮಿ ಇದೆಯೆಂದು ಭ್ರಮೆ, ಇನ್ನಷ್ಟು ಬಿಡುತ್ತದೆ. ಎಳೆತ ಬರುವುದು ನಿಜ. ಒಳಗಿನ ಮಾಸ್‌ಫೆಟ್ ಮಾತ್ರ ಅದೇ ಹಳೆಯದು. ಹೀಗೆ ಮಾಡಿದ ಸೆಕೆಂಡ್‌ಹ್ಯಾಂಡ್ ಕಂಟ್ರೋಲರ್ ಕೊಳ್ಳಬೇಡಿ, ಮುಚ್ಚಳ ತೆಗೆಸಿ ನೋಡಿ.

ತಾನಾಗಿ ಓಡಿತು

ಇದು ಬಂದರೆ ಬೇರೆಲ್ಲ ಬಿಟ್ಟು ಇದನ್ನೇ ನೋಡಿ. ಬಿಎಲ್‌ಡಿಸಿಯಲ್ಲಿ ಮಾಸ್‌ಫೆಟ್ ಶಾರ್ಟ್ ಆದರೆ ಮೋಟರ್ ಬಿಗಿಯುತ್ತದೆ, ಓಡುವುದಿಲ್ಲ. ಓಡಿತೆಂದರೆ ಹೆಚ್ಚಾಗಿ ಥ್ರಾಟಲ್ಲಿನ ಕಪ್ಪು ವೈರು ತುಂಡಾಗಿರುತ್ತದೆ: ಗ್ರೌಂಡ್ ಹೋದರೆ ಸಿಗ್ನಲ್ 5 ವೋಲ್ಟಿನ ಕಡೆ ಏರುತ್ತದೆ, ಅಗ್ಗದ ಕಂಟ್ರೋಲರ್ ಅದನ್ನು ಪೂರ್ತಿ ಪೆಡಲ್ ಎಂದು ತಿಳಿಯುತ್ತದೆ. ಎಂವೈ1016, ಎಂವೈ1020 ಥರದ ಬ್ರಶ್ ಮೋಟರಿನವರಿಗೆ ಅಪಾಯ ಇನ್ನೂ ನೇರ. ಅಲ್ಲಿ ಮಾಸ್‌ಫೆಟ್ ಶಾರ್ಟ್ ಆದರೆ ಬ್ಯಾಟರಿ ನೇರ ಮೋಟರಿಗೆ. ಪೆಡಲ್, ಕೀ ಯಾವುದೂ ಕೇಳುವುದಿಲ್ಲ.

ಆದ್ದರಿಂದ ಎಮರ್ಜೆನ್ಸಿ ಸ್ವಿಚ್ಚನ್ನು ಕೀಯ ಸಣ್ಣ ವೈರಿಗೆ ಹಾಕಿ ನೆಮ್ಮದಿಯಾಗಿ ಇರಬೇಡಿ. ಅದು ಬ್ಯಾಟರಿಯ ದಪ್ಪ ವೈರನ್ನೇ ಕಡಿಯಬೇಕು: ಡಿಸಿ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಅಥವಾ ಸವಾರನ ಕೈಗೆ ಸಿಗುವ ಬ್ಯಾಟರಿ ಕಟ್-ಆಫ್ ಸ್ವಿಚ್. ರಿಜಿಸ್ಟ್ರೇಷನ್ ಇಲ್ಲದ ಈ ಗಾಡಿಗಳಿಗೆ ರಸ್ತೆಯಲ್ಲಿ ಜಾಗವಿಲ್ಲ, ಮೈದಾನವೇ ಸರಿ, ಮೈದಾನದಲ್ಲೂ ಮಕ್ಕಳಿರುತ್ತಾರೆ.

ಸತ್ತದ್ದು ಖಚಿತ. ಹೊಸದು ಯಾವುದು?

ಮೊದಲು ವೋಲ್ಟ್. ಹೆಸರಿಗೆ 48 ಇದ್ದರೂ ಚಾರ್ಜರ್ ತೆಗೆಯುವ ಹೊತ್ತಿಗೆ ನಾಲ್ಕು ಲೆಡ್-ಆಸಿಡ್ 57.6 ವೋಲ್ಟಿನಲ್ಲಿರುತ್ತವೆ, 16 ಸೆಲ್ಲಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) 58.4, 13 ಸೆಲ್ಲಿನ ಲಿಥಿಯಂ-ಅಯಾನ್ 54.6. ಒಳಗಿನ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 63 ವೋಲ್ಟ್ ಎಂದಿರುತ್ತದೆ. "ಇನ್ನೊಂದು ಬ್ಯಾಟರಿ ಸೇರಿಸಿದರೆ ಸ್ಪೀಡ್ ಬರುತ್ತೆ" ಎಂದು ಐದು ಮಾಡಿದರೆ ಚಾರ್ಜಿನ ಕೊನೆಗೆ 72. ಹಿಂದಿನ ಕಂಟ್ರೋಲರ್‌ನ ಕೆಪಾಸಿಟರ್ ತಲೆ ಉಬ್ಬಿದ್ದರೆ ಕೊಂದಿದ್ದು ಇದೇ. ಬ್ರೇಕ್ ಹಾಕಿದಾಗ ಬ್ಯಾಟರಿಗೆ ಕರೆಂಟು ವಾಪಸ್ ತಳ್ಳುವ ರೀಜನ್ ಇದ್ದು, ಪ್ಯಾಕ್ ಪೂರ್ತಿ ತುಂಬಿ ಬಿಎಂಎಸ್ ಬಾಗಿಲು ಹಾಕಿಕೊಂಡರೂ ಅದೇ ಕಥೆ: ಹೋಗಲು ಜಾಗವಿಲ್ಲದ ಶಕ್ತಿ ಕೆಪಾಸಿಟರ್ ಮೇಲೆ ಬೀಳುತ್ತದೆ. ಲಿಥಿಯಂ ಇದ್ದವರು ರೀಜನ್ ವೈರು ಬಿಚ್ಚಿಡುವುದು ಲೇಸು.

ಆಮೇಲೆ ಆಂಪ್. "ಸಾವಿರ ವ್ಯಾಟ್ ಅಂದ್ರೆ ಸಾವಿರ ವ್ಯಾಟೇ ಸಾರ್" ಎಂದು ಅಂಗಡಿಯವನು ಹೇಳುತ್ತಾನೆ. ಡಬ್ಬಿಯ ಮೇಲಿನ ವ್ಯಾಟ್ ಓದಬೇಡಿ, ಆಂಪ್ ಓದಿ. 1000 ವ್ಯಾಟ್ ಮೋಟರ್ ತನ್ನ ರೇಟಿಂಗ್‌ನಲ್ಲಿ ಓಡುವಾಗ ನಷ್ಟ ಸೇರಿ 25 ಆಂಪಿನ ಹತ್ತಿರ ಎಳೆಯುತ್ತದೆ. ಗೋ-ಕಾರ್ಟ್ ಪದೇ ಪದೇ ನಿಂತು ಹೊರಡುವ ಗಾಡಿ, 35ರಿಂದ 40 ಆಂಪ್ ಮಿತಿಯದು ಇರಲಿ, ಪ್ಯಾಕ್ ಅಷ್ಟು ಕೊಡುವುದಾದರೆ. ಮಾಸ್‌ಫೆಟ್ ಸಂಖ್ಯೆ ಕೇಳಿ: 6 ಇರುವುದು 350 ವ್ಯಾಟಿನ ಸೈಕಲ್ಲಿಗೆ, ನಿಮಗೆ 12 ಬೇಕು, 15 ಸಿಕ್ಕರೆ ಇನ್ನೂ ತಂಪು. ಮೋಟರಿಗಿಂತ ಮೂರು ಪಟ್ಟು ದೊಡ್ಡ ಕಂಟ್ರೋಲರ್ ಹಾಕುವುದೂ ಜಾಣತನವಲ್ಲ. ಆಗ ಮೊದಲು ಸುಡುವುದು ಮೋಟರ್.

ಬ್ರಶ್ ಮೋಟರಿಗೆ ಬ್ರಶ್ ಕಂಟ್ರೋಲರ್ರೇ ಬೇಕು, ಹಾಲ್ ಇಲ್ಲದ ಬಿಎಲ್‌ಡಿಸಿಗೆ ಸೆನ್ಸರ್‌ಲೆಸ್ ಬೇಕು. ಆದರೆ ಸೆನ್ಸರ್‌ಲೆಸ್‌ನಲ್ಲಿ 150 ಕೆ.ಜಿ.ಯನ್ನು ನಿಂತಲ್ಲಿಂದ ಎಬ್ಬಿಸುವುದು ಕಷ್ಟ, ಜಗ್ಗುತ್ತದೆ. ಕಾರ್ಟಿಗೆ ಹಾಲ್ ಇರುವ ಮೋಟರೇ ಸರಿ. ಕರೆಂಟನ್ನು ಅಲೆಯಂತೆ ನಯವಾಗಿ ಕೊಡುವ ಸೈನ್ ವೇವ್ ಕಂಟ್ರೋಲರಿನದು ಸದ್ದು ಕಡಿಮೆ, ಮೃದು. ದುಡ್ಡಿದ್ದರೆ ಫೇಸ್ ಕರೆಂಟು, ಬ್ಯಾಟರಿ ಕರೆಂಟು ಎರಡನ್ನೂ ಬೇರೆ ಬೇರೆ ಹೊಂದಿಸಲು ಬರುವ ಪ್ರೋಗ್ರಾಮೆಬಲ್ ಕಂಟ್ರೋಲರ್ ತಗೊಳ್ಳಿ. ದೋಷ ಬಂದಾಗ ಯಾಕೆ ನಿಂತೆ ಎಂದು ಅದೇ ಹೇಳುತ್ತದೆ. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ರೂಪಿಸಿದ ಓಪನ್‌ಸೋರ್ಸ್ ಕಂಟ್ರೋಲರ್ ವೆಸ್ಕ್ ಈ ವಿಷಯದಲ್ಲಿ ಬಹಳ ಒಳ್ಳೆಯದು. ಒಂದೇ ಎಚ್ಚರ, ಅದರ ಮೂಲ ವಿನ್ಯಾಸದ ಮಿತಿ 60 ವೋಲ್ಟ್. 57.6ರ ಪ್ಯಾಕ್ ಅದಕ್ಕೆ ಅಂಚಿನ ಮೇಲಿನ ನಡಿಗೆ. 75 ಅಥವಾ 100 ವೋಲ್ಟಿನ ಮಾದರಿ ಹುಡುಕಿ.

ಮೊದಲ ಸಲ ಕರೆಂಟು ಕೊಡುವಾಗ

ಮನೆ ವೈರಿಂಗ್‌ನವರು ಸೀರೀಸ್ ಬಲ್ಬ್ ಇಟ್ಟುಕೊಂಡಿರುತ್ತಾರಲ್ಲ, ಅದೇ ಉಪಾಯ ಇಲ್ಲಿಗೂ ನಡೆಯುತ್ತದೆ. 12 ವೋಲ್ಟ್, 55 ಅಥವಾ 60 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬ್ ನಾಲ್ಕನ್ನು ಸೀರೀಸ್ ಮಾಡಿ, ಬ್ಯಾಟರಿ ಪಾಸಿಟಿವ್‌ಗೂ ಕಂಟ್ರೋಲರ್‌ಗೂ ನಡುವೆ ಹಾಕಿ. ಒಳಗೆ ಶಾರ್ಟ್ ಇದ್ದರೂ ಸುಮಾರು 5 ಆಂಪಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬು ಒಮ್ಮೆ ಮಿಂಚಿ ಆರಿದರೆ ಕೆಪಾಸಿಟರ್ ತುಂಬಿತು, ಎಲ್ಲ ಸರಿ. ಉರಿಯುತ್ತಲೇ ಇದ್ದರೆ ಕೂಡಲೇ ಬಿಚ್ಚಿ: ಪ್ಲಸ್-ಮೈನಸ್ ಅದಲು ಬದಲಾಗಿದೆ, ಇಲ್ಲವೇ ಶಾರ್ಟ್. ಬಲ್ಬು ಇರುವಾಗಲೇ ಚಕ್ರ ಎತ್ತಿ ಪೆಡಲ್ ಮೆಲ್ಲಗೆ ಒತ್ತಿ, ಫೇಸ್ ಜೋಡಣೆಯನ್ನೂ ನೋಡಿಕೊಳ್ಳಬಹುದು. ತಪ್ಪು ಜೋಡಣೆಯಾದರೆ ಬಲ್ಬು ಪ್ರಖರವಾಗುತ್ತದೆ, ಮಾಸ್‌ಫೆಟ್ ಉಳಿಯುತ್ತದೆ.

ಬಲ್ಬು ತೆಗೆದ ಮೇಲೆ ನೇರ ಜೋಡಿಸುವಾಗ ಆ 100 ಓಮಿನ ರೆಸಿಸ್ಟರ್ ನೆನಪಿದೆಯಲ್ಲ? ಮೇನ್ ಸ್ವಿಚ್ಚಿಗೆ ಸಮಾನಾಂತರವಾಗಿ ಒಂದು ಪುಶ್ ಬಟನ್ ಜೊತೆ ಅದನ್ನು ಹಾಕಿ. ಬಟನ್ ಒಂದೆರಡು ಸೆಕೆಂಡ್ ಒತ್ತಿ ಆಮೇಲೆ ಮೇನ್ ಹಾಕಿದರೆ ಆ ಚಟ್ ಎನ್ನುವ ಕಿಡಿ ಬರುವುದಿಲ್ಲ, ಸ್ವಿಚ್ಚಿನ ಕಾಂಟ್ಯಾಕ್ಟೂ ಉಳಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, 50 ಆಂಪ್, ಡಿಸಿಯದು. ದಪ್ಪ ವೈರು 10 ಚದರ ಮಿ.ಮೀ.ಗೆ ಕಡಿಮೆ ಬೇಡ.

ಮೊದಲ ಓಟ ಮಟ್ಟಸವಾದ ನೆಲದಲ್ಲಿ, ಅರ್ಧ ಪೆಡಲ್‌ನಲ್ಲಿ, ಐದು ನಿಮಿಷ ಮಾತ್ರ. ಇಳಿದು ಕಂಟ್ರೋಲರ್, ಮೋಟರ್, ಪ್ರತಿ ಲಗ್ಗನ್ನೂ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ; ಉಳಿದವಕ್ಕಿಂತ ಬಿಸಿಯಿರುವ ಲಗ್ಗನ್ನು ಬಿಚ್ಚಿ ಮತ್ತೆ ಒತ್ತಿಸಿ. ಲೋಡ್ ಇಲ್ಲದಾಗ ಎಷ್ಟು ಆಂಪ್, ಸವಾರನೊಂದಿಗೆ ಹೊರಡುವಾಗ ಎಷ್ಟು, ಆಗ ಕಂಟ್ರೋಲರ್ ಹತ್ತಿರ ವೋಲ್ಟ್ ಎಷ್ಟು ಎಂಬ ಮೂರು ಅಂಕಿಯನ್ನು ಪರ್ಮನೆಂಟ್ ಮಾರ್ಕರ್‌ನಲ್ಲಿ ಸೀಟಿನ ಕೆಳಗೆ ಚಾಸಿಯ ಮೇಲೇ ಬರೆದಿಡಿ. ಮುಂದೆ ಗಾಡಿ ಮಂಕಾದಾಗ ಹೋಲಿಸಲು ಬೇಕಾಗುವುದು ಅವೇ.